ಸಿಂಚನಾ ಹೊಡೆಯದ ಗಂಟೆ

ತುಮಕೂರು
೧೭ ನವೆಂಬರ್ ೨೦೨೫

ಪ್ರೀತಿಯ ಅಮ್ಮಾ,

ಮಂಡಿಯ ಹೊಲಿಗೆ ಬಿಚ್ಚಿದ ಮೇಲೆ ನೋವು ತಗ್ಗಿತೇ? ಕುಣಿಗಲ್ಲಿನ ಮಾವ ನಿನ್ನನ್ನು ಮಂಚದಿಂದ ಇಳಿಯಲು ಬಿಡುತ್ತಾರೆಯೇ, ಅಥವಾ ನೀನೇ ಅವರ ಮೊಮ್ಮಕ್ಕಳಿಗೆ ಕಾಗುಣಿತ ಬರೆಸುತ್ತಾ ಮನೆಯನ್ನೇ ಶಾಲೆ ಮಾಡಿದ್ದೀಯೇ? ಫೋನಿನಲ್ಲೇ ಕೇಳಬಹುದಿತ್ತು, ಆದರೆ ಫೋನು ಹಿಡಿದರೆ ಅಪ್ಪ ಪಕ್ಕದಲ್ಲೇ ಬಂದು ಕೂರುತ್ತಾರೆ. ‘ವಾಲಂಟರಿ ತಗೊಂಡ್ಬುಡು ಅಂತ ಹೇಳಮ್ಮಾ ನಿಮ್ಮಮ್ಮಂಗೆ, ಸಾಕು ಆ ಮೊಟ್ಟೆ ಎಣ್ಸೋ ಗೋಳು’ ಎನ್ನುತ್ತಲೇ ಇರುತ್ತಾರೆ. ಭಾನುವಾರ ಅಲ್ಲಿಗೇ ಬಂದು ನಿನ್ನನ್ನು ಸ್ವಯಂ ನಿವೃತ್ತಿಗೆ ಒಪ್ಪಿಸುವವರಿದ್ದಾರೆ. ಅದಕ್ಕೆ ಮೊದಲೇ ಈ ಕಾಗದ ನಿನ್ನ ಕೈ ಸೇರಲಿ.

ನಿನ್ನ ರಜೆ ಮುಗಿಯುವವರೆಗೆ ಸಿ.ಎಸ್. ಪುರದ ಪಕ್ಕದ ನಿನ್ನ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೊರಟಾಗ, ಬಿ.ಎಡ್.ನಲ್ಲಿ ಮೊದಲ ರ‍್ಯಾಂಕ್ ಪಡೆದವಳಿಗೆ ಎರಡನೇ ತರಗತಿ ಎಷ್ಟರ ಮಾತು ಎಂದುಕೊಂಡಿದ್ದೆ. ಪಾಠದಲ್ಲಿ ಈಗಲೂ ನಾನು ಕಡಿಮೆಯೇನಲ್ಲ, ನೋಡು. ಆದರೆ ಹಾಜರಿಯನ್ನು ಮೊಬೈಲಿಗೆ ಏರಿಸಿ, ಹಾಲು ಹಂಚಿ, ಮೊಟ್ಟೆ ಎಣಿಸಿ, ಸಮೀಕ್ಷೆಗೆಂದು ಮನೆಮನೆ ತಿರುಗಿ, ಗುಬ್ಬಿಯಿಂದ ಬಸ್ಸಿನಲ್ಲಿ ನಿಂತೇ ಬಂದು ಮನೆ ಸೇರುವಷ್ಟರಲ್ಲಿ ಯಾರ ಮಾತೂ ಬೇಡವಾಗಿರುತ್ತಿತ್ತು. ಇಷ್ಟೆಲ್ಲ ಮಾಡಿಯೂ ನೀನು ನಗುತ್ತಲೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದುದು ಹೇಗೆಂದು ತಿಳಿದದ್ದು ಹೋದ ಬುಧವಾರ.

ಅಂದು ನಿನ್ನ ತರಗತಿಯ ಚನ್ನೇಶ ಮೊದಲ ಬಾರಿಗೆ ಒಂದು ಪುಟವನ್ನು ಎಲ್ಲಿಯೂ ತಡವರಿಸದೆ ಓದಿದವನೇ, ನನ್ನನ್ನು ಕೇಳದೆ ಹೊರಗೋಡಿ ಶಾಲೆಯ ಗಂಟೆಯನ್ನು ಬಡಿಯತೊಡಗಿದ. ಕೋಪದಿಂದ ಹಿಂದೆಯೇ ಹೋದೆ. ಅಡುಗೆಯ ಬಸವಲಿಂಗಮ್ಮ ಸೌಟು ಹಿಡಿದೇ ಅಡ್ಡ ಬಂದರು: ‘ಬಯ್ಬೇಡಿ ಮಿಸ್, ಓದ್ಬುಟ್ಟವ್ನೆ ಕಣಮ್ಮಾ! ಓದಿದ್ ಮಗ ಗಂಟೆ ಹೊಡೀಬೇಕು ಅಂತ ದೊಡ್ ಮಿಸ್ಸೇ ಮಾಡವ್ರೆ.’ ಅಷ್ಟರಲ್ಲಿ ಬೇಲಿಯಾಚೆ ತೆಂಗಿನ ತೋಟದಿಂದ ಯಾರೋ ಕೂಗಿದರು: ‘ಇವತ್ತು ಯಾರ್ಲಾ ಓದಿದ್ದು?’ ಅಮ್ಮಾ, ಒಂದು ಮಗು ಓದಿದ್ದನ್ನು ಊರಿಗೆ ಊರೇ ಕಿವಿಗೊಟ್ಟು ಕೇಳುವಂತೆ ಮಾಡಿದ್ದೀಯಲ್ಲ! ಅಂದೂ ಅದೇ ಮೊಟ್ಟೆ, ಅದೇ ಬಸ್ಸು. ನಾನು ಮಾತ್ರ ಗುನುಗುತ್ತಾ ಮನೆಗೆ ಬಂದೆ. ‘ಏನಮ್ಮಾ, ಸಂಬಳ ಜಾಸ್ತಿ ಮಾಡಿದ್ರಾ?’ ಎಂದು ಅಪ್ಪ ನಕ್ಕರು.

ಔಷಧಿ ತಪ್ಪಿಸಬೇಡ. ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ. ಅವರ ಮೊಮ್ಮಕ್ಕಳಿಗೆ ನಿನ್ನಿಂದ ಒಂದು ದಿನವಾದರೂ ರಜೆ ಸಿಗಲಿ.

ನಿನ್ನ ಮಗಳೆಂದು ಬೀಗುವ,
ಭೂಮಿಕಾ

ವಿ.ಸೂ.: ಒತ್ತಕ್ಷರ ಕಂಡರೆ ಅಳುತ್ತಿದ್ದ ಸಿಂಚನಾ ನೆನಪಿದ್ದಾಳಲ್ಲವೇ? ನಾನು ಹತ್ತಿರ ಹೋದರೆ ಪುಸ್ತಕ ಮುಚ್ಚುತ್ತಾಳೆ. ಇವತ್ತು ಊಟದ ಹೊತ್ತಿನಲ್ಲಿ ಕಿಟಕಿಯ ಮರೆಯಿಂದ ಕೇಳಿಸಿಕೊಂಡೆ. ತಂಗಿಯನ್ನು ಕೂರಿಸಿಕೊಂಡು ಇಡೀ ಪುಟ ಓದುತ್ತಿದ್ದಳು, ಒಂದು ಕಡೆಯೂ ನಿಲ್ಲದೆ. ಗಂಟೆ ಏಕೆ ಹೊಡೆಯಲಿಲ್ಲವೆಂದು ಕೇಳಿದರೆ, ‘ನಮ್ ಮಿಸ್ಸು ಬರ್ಲಿ, ಆವಾಗ ಹೊಡಿತೀನಿ’ ಎಂದಳು. ನಾನೂ ಮಿಸ್ಸೇ ಅಲ್ಲವೇ ಎಂದರೂ ಜಗ್ಗಲಿಲ್ಲ. ಭಾನುವಾರ ಅಪ್ಪನಿಗೆ ಉತ್ತರ ಕೊಡುವ ಮೊದಲು, ಇವಳಿಗೆ ನಾನು ಏನು ಹೇಳಲಿ ಎಂಬುದನ್ನು ತಿಳಿಸು.