ಮುಳ್ಳು ತೋರಿಸಿದ ಮೂಲೆ

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ

ಕಾಜಾ ಮುಗಿಯಿತು. ಗುಂಡಿ ಬಾಕಿ. ಕೂತಲ್ಲಿ ಕೂರಲಾಗುತ್ತಿಲ್ಲ.

ಇವರ ಸೂಜಿಗೆ ದಾರ ಪೋಣಿಸಿಕೊಡುವುದೂ ಈಗ ನನ್ನ ಪಾಲಿಗೇ ಬಂದಿದೆ. ಮೊದಲೆಲ್ಲ ಮಾತಾಡುತ್ತ, ಸೂಜಿ ಕಡೆ ನೋಡದೆಯೇ ಪೋಣಿಸುತ್ತಿದ್ದವರು. ಈಗ ಕಂಪನಿಯವರು ಸೂಜಿಗೆ ಕಣ್ಣು ಸರಿಯಾಗಿ ಕೊರೆಯುವುದಿಲ್ಲ ಎಂದು ದೂರು. ದೊಡ್ಡ ಮನುಷ್ಯರಾದರು, ಕೈಗೊಂದು ಆಳು ಬೇಕು. ಬಾಗಿಲಿನಿಂದ ಟೇಬಲ್‌ವರೆಗೆ ಗೋಡೆ ಸವರುತ್ತ ಬರುವುದು ಇನ್ನೊಂದು ಹೊಸ ಚಾಳಿ. ಸೊಂಟದೆತ್ತರಕ್ಕೆ ಗೋಡೆಯುದ್ದಕ್ಕೂ ಕೊಳೆಯ ಗೆರೆ. ಉಜ್ಜಿದರೆ ಮತ್ತೆ ಬರುತ್ತದೆ.

ಮುಂದಿನ ಕೋಣೆಯೇ ನಮ್ಮ ಟೈಲರ್ ಅಂಗಡಿ. ಕಿಟಕಿಯ ಪಕ್ಕ ಕಟಿಂಗ್ ಟೇಬಲ್, ಎದುರಿಗೆ ಬಟ್ಟೆಯ ಶೆಲ್ಫು, ಮೂಲೆಯ ಕುರ್ಚಿಯಲ್ಲಿ ಅತ್ತೆ. ಮದುವೆಯಾಗಿ ಬಂದಾಗ ಯಾವುದು ಎಲ್ಲಿತ್ತೋ ಅಲ್ಲೇ ಇದೆ. ಅತ್ತೆಯೂ.

ಲೆಕ್ಕದ ಮೇಷ್ಟ್ರು ಹೋದ ವಾರ ಚೌಕಳಿ ಶರ್ಟು ವಾಪಸು ತಂದಿದ್ದರು. ಜೇಬಿನ ಗೆರೆಗೂ ಎದೆಯ ಗೆರೆಗೂ ತಾಳೆಯಿಲ್ಲ. ಬಯ್ಯಲಿಲ್ಲ. ಟೇಬಲ್ ಮೇಲಿಟ್ಟು ಹೋದರು. ಬಯ್ದಿದ್ದರೆ ಮತ್ತೆ ಬರುತ್ತಿದ್ದರು. ಒಬ್ಬೊಬ್ಬರೇ ಹೀಗೆ ಜಾರುತ್ತಿದ್ದಾರೆ. ಇವರ ಕೈ ಕೆಟ್ಟಿದೆ ಎಂದು ನಾನಂತೂ ಒಪ್ಪುವುದಿಲ್ಲ. ಮನೆಗೇ ಏನೋ ಹಿಡಿದಿದೆ.

ಭಾನುವಾರ ತಂಗಿ ಬರುತ್ತಾಳೆ. ನೋಡೋಣ.

ಮಾರ್ಚ್ 9, ಭಾನುವಾರ, ಸಂಜೆ

ಮೈಕೈ ನೋವು. ಆದರೆ ಆಯಿತು!

ತಂಗಿ ಪಾರ್ಲರಿನಲ್ಲಿ ಹುಬ್ಬು ತೀಡುವವಳು. ಈಗ ಫೋನಿನಲ್ಲೇ ಚೀನೀ ವಾಸ್ತು ಫೆಂಗ್‌ಶುಯಿ ಕಲಿತು ಮನೆಗಳನ್ನೂ ತೀಡುತ್ತಾಳೆ. ಚೀಲದಿಂದ ದಿಕ್ಸೂಚಿ ಬಂತು, ಬಣ್ಣಬಣ್ಣದ ಚಾರ್ಟು ಬಂತು, ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ ಬಂತು. ಅಪ್ಪಟ ಹಿತ್ತಾಳೆಯಂತೆ. ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಗಿಳಿಯೊಳಗೆ ಇರುತ್ತಿತ್ತು. ನಮ್ಮ ಅದೃಷ್ಟ ಈ ಕಪ್ಪೆಯೊಳಗೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಾಲ್ಕು ಕಾಲಿರೋದೇ ಈ ಮನೇಲಿ ನಿಲ್ಲಲ್ಲ, ಇದು ನಿಲ್ಲುತ್ತಾ?" ಎಂದರು.

ಸಂಪತ್ತಿನ ಮೂಲೆ ಹುಡುಕಬೇಕು. ಅದು ಆಗ್ನೇಯ. ತಂಗಿಗೆ ಚಾರ್ಟು ಹಿಡಿಯಲು ಎರಡು ಕೈ ಬೇಕು, ದಿಕ್ಸೂಚಿಯನ್ನು ಇವರ ಕೈಗೆ ಕೊಟ್ಟಳು. ತುಂಬಿದ ಲೋಟದ ಹಾಗೆ ಎದೆಗೆ ಆನಿಸಿ ಹಿಡಿದು ಬಾಗಿಲಲ್ಲಿ ನಿಂತರು, ಪಾಪ. ಮುಳ್ಳು ನಿಂತಿತು. ಸಂಪತ್ತಿನ ಮೂಲೆ ಅಡುಗೆಮನೆ ಬಾಗಿಲ ಪಕ್ಕದ ಕತ್ತಲೆ ಮೂಲೆ! ಇಷ್ಟು ವರ್ಷ ಅಲ್ಲಿ ಪೊರಕೆ ಇಟ್ಟಿದ್ದೆವು. ದುಡಿಮೆಯ ಟೇಬಲ್ ಅಲ್ಲಿಗೇ ಹೋಗಬೇಕು, ಶೆಲ್ಫು ಬಾಗಿಲಿಗೆ ಮುಖ ಮಾಡಬಾರದು, ಎಲ್ಲ ಸರಿಸಿ ಎಂದಳು.

ಇವರು ಟೇಬಲ್ ಮುಟ್ಟಬೇಡಿ ಎಂದರು. ಎರಡು ಸಲ ಎಂದರು. ನಿಮಗೆ ಹೊಸದು ಅಂದರೆ ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟೆ. ಆಮೇಲೆ ತಾವೇ ಒಂದು ಕಾಲು ಹಿಡಿದು ಎತ್ತಿದರು.

ಮಾರ್ಚ್ 10, ಸೋಮವಾರ

ಸ್ಟೂಲಿಗೆ ಮಂಡಿ ಬಡಿಸಿಕೊಂಡರು. ಮಧ್ಯಾಹ್ನ ಟೇಬಲ್ ಇಲ್ಲದ ಜಾಗದಲ್ಲಿ ಟೀ ಲೋಟ ಇಟ್ಟರು, ಅಂದರೆ ಗಾಳಿಯಲ್ಲಿ. ಅತ್ತೆ, "ಮದುವೆ ದಿನಾನೂ ಇಷ್ಟು ಎಡವಿರಲಿಲ್ಲ ಕಣೋ ನೀನು" ಎಂದು ನಕ್ಕರು. ಇವರೂ ನಕ್ಕರು. ಯಾಕೋ ನನಗೆ ನಗು ಬರಲಿಲ್ಲ.

ತಂಗಿಗೆ ಫೋನ್ ಮಾಡಿದೆ. ಹಳೇ ಶಕ್ತಿ ಹೊರಗೆ ಹೋಗುವಾಗ ಹೀಗೇ ಒದ್ದುಕೊಂಡು ಹೋಗುತ್ತದಂತೆ.

ಮಾರ್ಚ್ 12, ಬುಧವಾರ

ಬಂತು! ಮುಖ್ಯ ರಸ್ತೆಯ ಹೊಸ ಹೋಟೆಲಿನ ಮ್ಯಾನೇಜರ್ ತಾನೇ ಹುಡುಕಿಕೊಂಡು ಬಂದರು. ಬಡಿಸುವವರಿಗೆಲ್ಲ ಕಪ್ಪು ಕೋಟು ಬೇಕಂತೆ. ಮೊದಲು ಒಂದು ಮಾದರಿ, ಒಪ್ಪಿದರೆ ಅಷ್ಟೂ ನಮಗೇ, ವರ್ಷ ವರ್ಷವೂ. ಕಪ್ಪೆಯ ತಲೆ ಸವರಿದೆ.

ಬಟ್ಟೆ ತಂದಾಯಿತು. ಅದೇ ಗಿರಣಿಯ ನೇವಿ ಬ್ಲೂ ಥಾನು ಮೊದಲೇ ಇತ್ತು, ಮುಟ್ಟಲು ಎರಡೂ ಒಂದೇ. ಗಾಢ ಬಣ್ಣ ಕೆಳಗಿರಬೇಕು ಎಂದು ಚಾರ್ಟಿನಲ್ಲಿದೆ. ಬಿಸಿ ಇರುವಾಗಲೇ ಶೆಲ್ಫನ್ನೂ ಮೇಲೆ ಕೆಳಗೆ ಮಾಡಿಬಿಟ್ಟೆ. ಕೈ ಸುಮ್ಮನಿರುವುದಿಲ್ಲ ನನ್ನದು.

ಮಾರ್ಚ್ 15, ಶನಿವಾರ

ಕೋಟು ಸಂಜೆ ಹೋಯಿತು. ಟ್ಯೂಬ್‌ಲೈಟಿನ ಕೆಳಗೆ ನಾನೇ ಗುಂಡಿ ಹಾಕಿ ಇಸ್ತ್ರಿ ಮಾಡಿದೆ. ಅತ್ತೆಯ ಕುರ್ಚಿಗೆ ತೊಡಿಸಿ ನೋಡಿದೆವು. ಮಂತ್ರಿಯ ಹಾಗಿತ್ತು ಕುರ್ಚಿ.

ಮಾರ್ಚ್ 17, ಸೋಮವಾರ

ಮ್ಯಾನೇಜರ್ ಬೆಳಿಗ್ಗೆಯೇ ಬಂದರು. ಕೋಟನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ಮೈ ಕಪ್ಪು. ಎಡ ತೋಳು ಕಪ್ಪು. ಬಲ ತೋಳು ನೇವಿ ಬ್ಲೂ.

ಇವರು ಮುಂದೆ ಬಂದು ಆ ತೋಳನ್ನು ಬೆರಳಲ್ಲಿ ಉಜ್ಜಿದರು. ನೋಡಲಿಲ್ಲ, ಉಜ್ಜಿದರು. "ಬೆಳಕು ಸರಿ ಇರಲಿಲ್ಲ ಸಾರ್" ಎಂದರು.

ಬೇರೆ ಕಡೆಯೂ ವಿಚಾರಿಸುತ್ತೇನೆ ಎಂದು ಮ್ಯಾನೇಜರ್ ಹೊರಟರು. ಬೇರೆ ಕಡೆ ಎಂದರೆ ಗೊತ್ತಲ್ಲ. ಕೋಟು ಇಲ್ಲೇ ಬಿಟ್ಟು ಹೋದರು.

ಶೆಲ್ಫು ಮೇಲೆ ಕೆಳಗೆ ಮಾಡಿದವಳು ನಾನು. ಗುಂಡಿ ಹಾಕಿದವಳೂ ನಾನು. ಅದನ್ನು ಯಾರೂ ಹೇಳಲಿಲ್ಲ. ಅತ್ತೆಯೂ ಹೇಳಲಿಲ್ಲ. ಅದೇ ಭಯ.

ಮಾರ್ಚ್ 20, ಗುರುವಾರ

ಆದದ್ದು ಆದ ಹಾಗೇ ಬರೆಯುತ್ತೇನೆ.

ಅಳತೆಯಲ್ಲಿ ತಪ್ಪಿರಬೇಕು, ದಿಕ್ಕು ಮತ್ತೆ ನೋಡಿ ಎಂದಿದ್ದಳು ತಂಗಿ. ದಿಕ್ಸೂಚಿ ಟೇಬಲ್ ಮೇಲಿಟ್ಟೆ. ಮುಳ್ಳು ಅಡುಗೆಮನೆ ಕಡೆ. ಇವರು ಟೇಬಲಿನ ಅಂಚು ಹಿಡಿದು ಈ ಬದಿಗೆ ಬಂದರು. ಮುಳ್ಳೂ ತಿರುಗಿ ಈ ಬದಿಗೆ ಬಂತು. ಕತ್ತರಿ ತರಲು ಆ ತುದಿಗೆ ಹೋದರು. ಮುಳ್ಳೂ ಹೋಯಿತು. ಸಾಕಿದ ಕರುವಿನ ಹಾಗೆ ಇವರ ಹಿಂದೆಯೇ.

ಅತ್ತೆ ಕುರ್ಚಿಯಿಂದಲೇ, "ನನ್ನ ಮಗ ಎಲ್ಲಿದ್ರೆ ಅದೇ ಉತ್ತರ ಅನ್ನುತ್ತೆ ನಿನ್ನ ಡಬ್ಬಿ" ಎಂದರು.

ಇವರ ಅಂಗಿಯ ಜೇಬಿಗೆ ಕೈ ಹಾಕಿದೆ. ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತ. ಗುಂಡುಪಿನ್ನುಗಳು ಮುತ್ತಿಕೊಂಡಿವೆ. ಬಾಗಿಲಲ್ಲಿ ದಿಕ್ಸೂಚಿ ಎದೆಗೆ ಆನಿಸಿ ನಿಂತಾಗಲೂ ಇದು ಜೇಬಿನಲ್ಲೇ ಇತ್ತಂತೆ. ಮುಳ್ಳು ಉತ್ತರವನ್ನು ತೋರಿಸಿರಲೇ ಇಲ್ಲ.

ನಗು ಬಂತು. ನಗುತ್ತಲೇ ಕೇಳಿದೆ, ಇದನ್ನು ಯಾಕೆ ಹೊತ್ತು ತಿರುಗುತ್ತೀರಿ ಎಂದು.

"ಪಿನ್ನು ಬಿದ್ರೆ ಹೆಕ್ಕೋಕೆ."

"ಕಣ್ಣಲ್ಲಿ ನೋಡಿ ಹೆಕ್ಕಬಾರದೇನ್ರೀ?"

ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟರು. ಟೇಬಲ್ ಎಲ್ಲಿದೆ ಎಂದು ಕೈಯಿಂದ ಮುಟ್ಟಿ ನೋಡಿ ಇಟ್ಟರು.

"ಕಾಣಲ್ಲ ಕಣೇ."

"ಯಾವಾಗಿಂದ?"

"ಎರಡು ವರ್ಷ ಆಗಿರಬೇಕು. ನೀನು ಟೇಬಲ್ ಸರಿಸೋವರೆಗೂ ಅಂಥ ತೊಂದ್ರೆ ಇರಲಿಲ್ಲ."

ಸೂಜಿಯ ಕಣ್ಣು. ಗೋಡೆಯ ಗೆರೆ. ಮೇಷ್ಟ್ರ ಜೇಬು. ಎಲ್ಲ ನನ್ನ ಮೂಗಿನ ಕೆಳಗೇ ಇತ್ತು. ನಾನು ಮೂಲೆ ಹುಡುಕುತ್ತಿದ್ದೆ...

ಮಾರ್ಚ್ 22, ಶನಿವಾರ

ಪೊರೆಯಂತೆ. ಎರಡೂ ಕಣ್ಣಿಗೆ. ತೆಗೆಯಬಹುದು, ತಡ ಮಾಡಿದ್ದೀರಿ ಎಂದರು ಡಾಕ್ಟರು. ಎಷ್ಟು ಕಾಣಬಹುದು ಎಂದರೆ ತೆಗೆದ ಮೇಲೆ ಹೇಳುತ್ತಾರಂತೆ.

ಜೀವನವಿಡೀ ಕತ್ತರಿ ಹಿಡಿದವರು, ಕತ್ತರಿಗೇ ಹೆದರುತ್ತಾರೆ. ಬರುವಾಗ ಬಸ್ಸಿನಲ್ಲಿ, "ಬಟ್ಟೆ ತಪ್ಪಿ ಕತ್ತರಿಸಿದ್ರೆ ತೇಪೆ ಹಾಕಬಹುದು. ಇದಕ್ಕೆ?" ಎಂದರು. ಅದಕ್ಕೇ ಎರಡು ವರ್ಷ ಬಾಯಿ ಬಿಡಲಿಲ್ಲವಂತೆ. ಬಯ್ಯಬೇಕೆಂದಿದ್ದೆ. ಕೈ ಹಿಡಿದುಕೊಂಡೆ, ಬಿಡಲಿಲ್ಲ.

ಮಾರ್ಚ್ 23, ಭಾನುವಾರ

ಎಲ್ಲ ವಾಪಸು ಇಟ್ಟೆವು. ಎಲ್ಲಿತ್ತೋ ಅಲ್ಲಿಗೆ ಎನ್ನುವುದು ಸುಲಭ. ನನಗೇ ನೆನಪಿಲ್ಲ. ಇವರು ಕೈ ಚಾಚಿ, ಕಿಟಕಿ ಕಡೆಗೆ ಒಂದು ಬೆರಳು, ಇನ್ನೂ ಸ್ವಲ್ಪ, ಹಾಂ ಎನ್ನುತ್ತಿದ್ದರು. ಟೇಬಲ್ ಕಾಲು ನೆಲದ ಹಳೇ ಗುಳಿಯಲ್ಲಿ ಟಕ್ಕೆಂದು ಕೂತಿತು.

ತಂಗಿ ಮುಖ ಸಣ್ಣ ಮಾಡಿಕೊಂಡು, ಅಯಸ್ಕಾಂತವನ್ನು ಅಂಗಳದಲ್ಲಿಟ್ಟು ಬಂದು ಮತ್ತೆ ದಿಕ್ಕು ನೋಡಿದಳು. ನಿಜವಾದ ಸಂಪತ್ತಿನ ಮೂಲೆಯಲ್ಲಿ ಅತ್ತೆ ಕೂತಿದ್ದರು. "ಮತ್ತೇನು ಅಂದ್ಕೊಂಡಿದ್ದೆ?" ಎಂದು ಸೆರಗು ಸರಿಮಾಡಿಕೊಂಡರು.

ಅಪ್ಪಟ ಹಿತ್ತಾಳೆಯ ಕಪ್ಪೆಗೆ ಅಯಸ್ಕಾಂತ ಹಿಡಿದರೆ ಟಪ್ಪೆಂದು ಅಂಟಿತು. ಕಬ್ಬಿಣ. ಈಗ ಅಯಸ್ಕಾಂತ ಅದರ ಬೆನ್ನ ಮೇಲೇ, ಅದಕ್ಕೆ ನಮ್ಮ ಪಿನ್ನುಗಳು. ಬಂದದ್ದಕ್ಕೆ ಒಂದು ಕೆಲಸವಾಯಿತು.

ಮಧ್ಯಾಹ್ನ ನೀಲಿ ತೋಳು ಬಿಚ್ಚಿದೆ. ಕಪ್ಪು ಬಟ್ಟೆ ಹಾಸಿ ಕತ್ತರಿಯನ್ನು ನನ್ನ ಕೈಗೇ ಕೊಟ್ಟರು. ನಾನು ಅಂಚು ಮಡಿಸುವವಳು, ಕತ್ತರಿಸಿದವಳಲ್ಲ. ಮಣಿಕಟ್ಟಿನ ಮೇಲೆ ಇವರ ಬೆರಳು. ಉಸಿರು ಹಿಡೀಬೇಡ, ಬಟ್ಟೆಗೆ ಗೊತ್ತಾಗುತ್ತೆ ಎಂದರು.

ಮಾರ್ಚ್ 26, ಬುಧವಾರ

ಇವರಿಗೆ ಹೇಳದೆ ಕೋಟು ಹೊತ್ತು ಹೋಟೆಲಿಗೆ ಹೋದೆ. ಮ್ಯಾನೇಜರ್ ಬಿಸಿಲಿಗೆ ಹಿಡಿದು ನೋಡಿದರು, ಎರಡೂ ತೋಳು. ಕಣ್ಣಿನ ವಿಷಯ ಮುಚ್ಚಿಡಲಿಲ್ಲ. ಬೇರೆಯವರಿಗೆ ಇನ್ನೂ ಮಾತು ಕೊಟ್ಟಿಲ್ಲವಂತೆ. "ಯಜಮಾನರು ತಾವೇ ಬಂದು, ತಾವೇ ನೋಡಿ ಅಳತೆ ತಗೊಳ್ಳಲಿ. ಹತ್ತನೇ ತಾರೀಕಿನೊಳಗೆ" ಎಂದರು.

ತಾವೇ ನೋಡಿ.

ಏಪ್ರಿಲ್ 3, ಗುರುವಾರ, ಬೆಳಿಗ್ಗೆ

ಹೋಟೆಲಿನ ಮಾತು ಕೇಳಿ ಇವರು ಕೊನೆಗೂ ಒಪ್ಪಿದರು. ನಿನ್ನೆ ಬಲಗಣ್ಣಿಗೆ ಆಪರೇಷನ್ ಆಯಿತು. ಇವತ್ತು ಪಟ್ಟಿ ಬಿಚ್ಚುತ್ತಾರೆ. ತಂಗಿ ಕರೆದುಕೊಂಡು ಹೋಗಿದ್ದಾಳೆ. ನಾನು ಬಂದರೆ ಅಳುತ್ತೇನಂತೆ, ಬೇಡ ಎಂದರು.

ಕೂತೆ, ಎದ್ದೆ. ಕಿಟಕಿ ಗಾಜು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಗೋಡೆಯ ಗೆರೆ ಉಜ್ಜಲು ಹೋಗಿ ಬಿಟ್ಟೆ. ಅತ್ತೆ ಎರಡು ಸಲ ಗದರಿದರು. ತಂಗಿ ಫೋನ್ ಎತ್ತುತ್ತಿಲ್ಲ. ಒಳ್ಳೆಯದಾಗಿದ್ದರೆ ಎತ್ತುತ್ತಿದ್ದಳಲ್ಲವೇ? ಅಥವಾ...

ಗೇಟಿನ ಸದ್ದು.

ಚಪ್ಪಲಿ ಬಿಟ್ಟರು. ಅಯ್ಯೋ, ಸ್ಟೂಲು! ಗಾಜು ಒರೆಸಿ ಬಾಗಿಲ ಮಧ್ಯದಲ್ಲೇ ಬಿಟ್ಟಿದ್ದೇನೆ. ತೆಗೆಯಬೇಕು ಎಂದು ಎದ್ದರೆ ಅತ್ತೆ ಸೆರಗು ಹಿಡಿದು ಕೂರಿಸಿದರು.

ಹೆಜ್ಜೆ ಹತ್ತಿರ ಬರುತ್ತಿದೆ. ಗೋಡೆ ಸವರುವ ಸದ್ದು ಮಾತ್ರ ಕೇಳುತ್ತಿಲ್ಲ. ಬಾಗಿಲಿಗೆ ಬಂದರು. ಸ್ಟೂಲಿನ ಮುಂದೆ ನಿಂತಿದ್ದಾರೆ, ಕೈ ಕೆಳಗೇ ಇದೆ, ಕಾಲು ಎತ್ತಿ...