ಮುಂಗಡ ಹೆಸರು

ಶಿಡ್ಲಘಟ್ಟ
ಫೆಬ್ರವರಿ 30, 2187

ಮುಂದೆ ಬರುವವರಿಗೆ,

ಮೇಲಿನ ತಾರೀಖು ನೋಡಿ ಈ ಕಾಗದವನ್ನು ಪಕ್ಕಕ್ಕೆ ಇಟ್ಟುಬಿಡಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಎರಡು ದೇಶಗಳ ವ್ಯಾಪಾರದ ಲೆಕ್ಕ ತಿಂಗಳ ಕೊನೆಗೆ ತಾಳೆಯಾಗಲಿ ಎಂದು ದೊಡ್ಡವರು ಸೇರಿ ಎಲ್ಲ ತಿಂಗಳುಗಳನ್ನೂ ಒಂದೇ ಅಳತೆಗೆ ಕತ್ತರಿಸಿದರು. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಬಾಲದಂತೆ ಅಂಟಿಸಿದ್ದಾರೆ. ಆ ದಿನಗಳಿಗೆ ತಾರೀಖೇ ಇಲ್ಲ. ನನ್ನ ಮಾತುಗಳಲ್ಲಿ ಇನ್ನೂ ಕೆಲವು ನಿಮಗೆ ವಿಚಿತ್ರವೆನಿಸಬಹುದು. ಓಟ, ಅಂತರ, ಮುಂಗಡ ಹೆಸರು, ಇವೆಲ್ಲ ನಿಮ್ಮ ಕಾಲಕ್ಕೆ ಸತ್ತುಹೋಗಿರಲಿ ಎಂಬುದೇ ನನ್ನ ಆಸೆ. ಸತ್ತ ಮಾತುಗಳನ್ನು ಓದಿಸುತ್ತಿರುವುದಕ್ಕೆ ಕ್ಷಮಿಸಿ. ಈ ಕಾಗದದಲ್ಲಿ ನಾನು ಕ್ಷಮೆ ಕೇಳುವುದು ಇದೊಂದಕ್ಕೇ.

ನನ್ನ ಹೆಸರು ಮುನಿಶಾಮಿ. ನಾನು ಹೆಂಗಸು. ಅರವತ್ತು ದಾಟಿದೆ. ಹನ್ನೆರಡು ಮನೆಯವರು ಸೇರಿ ನಡೆಸುತ್ತಾ ಬಂದ ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಯಜಮಾನಿ. ಬೀದಿಯಲ್ಲಿ ಎಲ್ಲರೂ ಮುನಿಶಾಮಕ್ಕ ಎಂದು ಕರೆಯುತ್ತಾರೆ, ಅಷ್ಟರಮಟ್ಟಿಗೆ ಮರ್ಯಾದೆ ಉಳಿದಿದೆ. ಗಂಡಸಿನ ಹೆಸರು ನನಗೆ ಹೇಗೆ ಅಂಟಿಕೊಂಡಿತು ಎಂದು ಹೇಳುವುದಕ್ಕೇ ಬರೆಯಲು ಕೂತಿದ್ದೇನೆ. ಆದರೆ ಅದಕ್ಕೆ ಮೊದಲು ಅಂತರ ಎಂದರೇನು ಎಂಬುದು ನಿಮಗೆ ತಿಳಿಯಬೇಕು.

ಚೀನಾದಿಂದ ನಮಗೆ ಬರುವುದು ಹೆಚ್ಚು, ನಮ್ಮಿಂದ ಅಲ್ಲಿಗೆ ಹೋಗುವುದು ಕಡಿಮೆ. ನಡುವೆ ಬಿದ್ದ ಕಂದಕವೇ ಅಂತರ. ಅಲ್ಲಿಂದ ಬರುವುದು ಬಿಸಿಲು ಹೀರುವ ಹಲಗೆ, ಯೋಚಿಸುವ ಚಿಪ್ಪು, ನೋಡುವ ಕಣ್ಣು, ಸವೆದ ಮೂಳೆಗೆ ಬದಲಿ ಮೂಳೆ. ಇಲ್ಲಿಂದ ಹೋಗುವುದು ಅದಿರು, ಹತ್ತಿ, ಮೆಣಸಿನಕಾಯಿ, ನಮ್ಮ ರೇಷ್ಮೆ. ಪ್ರತಿ ಸಂಜೆ ಬಸ್ ನಿಲ್ದಾಣದ ಎದುರಿನ ದೊಡ್ಡ ಫಲಕದಲ್ಲಿ ಆ ದಿನದ ಅಂತರ ಎಷ್ಟೆಂದು ಕೆಂಪಕ್ಷರದಲ್ಲಿ ಹೊತ್ತಿಕೊಳ್ಳುತ್ತದೆ. ಹಿಂದಿನವರು ಎದುರಾದಾಗ ನಿಮ್ಮ ಕಡೆ ಮಳೆ ಹೇಗೆ ಎಂದು ಕೇಳುತ್ತಿದ್ದರಂತೆ. ನಾವು ಇವತ್ತು ಅಂತರ ಎಷ್ಟಾಯಿತಂತೆ ಎಂದು ಕೇಳುತ್ತೇವೆ. ಜಾಸ್ತಿಯಾಯಿತು ಎಂದರೆ ಸಾಕು, ಟೀ ಕುಡಿಯುತ್ತಿದ್ದವರೂ ತಪ್ಪು ಮಾಡಿದವರ ಹಾಗೆ ಲೋಟ ಕೆಳಗಿಡುತ್ತಾರೆ.

ಓಟದ ಕಥೆ ಇನ್ನೂ ಚೆನ್ನಾಗಿದೆ. ಮುತ್ತಜ್ಜಂದಿರ ಕಾಲದಲ್ಲಿ ಹಡಗಿನಲ್ಲಿ ಯಂತ್ರಗಳೇ ಬರುತ್ತಿದ್ದವು. ದುಡ್ಡು ಕೊಟ್ಟವನು ಒಡೆಯ. ಬಿಚ್ಚಿದರೂ ಮುರಿದರೂ ಅವನಿಷ್ಟ. ಅಂತರ ಬೆಳೆಯಿತೆಂದು ಗಲಾಟೆ ಎದ್ದಾಗ ಯಾರೋ ಬುದ್ಧಿವಂತರಿಗೆ ಒಂದು ಉಪಾಯ ಹೊಳೆಯಿತು. ಯಂತ್ರವನ್ನು ಕೊಳ್ಳುವುದೇ ಬೇಡ, ಅದು ಇಲ್ಲಿ ಅವರದಾಗಿಯೇ ಇರಲಿ, ನಾವು ಅದರ ಓಟವನ್ನಷ್ಟೇ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯೋಣ ಎಂದರು. ಯಂತ್ರ ಆಮದೇ ಆಗದ ಮೇಲೆ ಅಂತರ ಒಂದೇ ದಿನಕ್ಕೆ ಕುಸಿಯಿತು, ಸಿಹಿ ಹಂಚಿದರು. ಮರುವರ್ಷ ಓಟವನ್ನೂ ಆಮದು ಎಂದು ಎಣಿಸತೊಡಗಿದರು, ಅಂತರ ಎದ್ದು ನಿಂತಿತು. ಯಂತ್ರ ಮಾತ್ರ ಮತ್ತೆ ನಮ್ಮ ಕೈಗೆ ಬರಲಿಲ್ಲ. ಈಗ ಸೂರಿನ ಮೇಲಿನ ಹಲಗೆಯೂ ಓಟದ್ದು, ಅಡುಗೆಮನೆಯ ಒಲೆಯೂ ಓಟದ್ದು. ನನ್ನ ಜೊತೆ ದುಡಿಯುವ ಖೈರುನ್ನೀಸಾಳ ಬಲ ಮೊಣಕಾಲು ಕೂಡ ಓಟದ್ದೇ. ಅವಳು ನಡೆದಷ್ಟೂ ದೇಶದ ಅಂತರ ಬೆಳೆಯುತ್ತದೆ. ಅವಳಿಗೆ ಸಿಟ್ಟು ಬಂದಾಗ ಬೇಕೆಂದೇ ಮಾರ್ಕೆಟ್ಟಿನವರೆಗೆ ನಡೆದು ಬರುತ್ತಾಳೆ.

ಹಾಗೆಂದು ನಮ್ಮ ಶೆಡ್ಡಿನ ಯಂತ್ರ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕುದಿಯುವ ನೀರಿನಲ್ಲಿ ತೇಲುವ ರೇಷ್ಮೆಗೂಡಿನಿಂದ ಎಳೆಯ ತುದಿ ಹಿಡಿಯುವುದು ಸುಲಭದ ಕೆಲಸವಲ್ಲ. ನಮ್ಮ ಮುತ್ತಜ್ಜಿಯರು ಅದನ್ನು ಬೆರಳಿನಿಂದಲೇ ಮಾಡುತ್ತಿದ್ದರು, ಅವರ ಬೆರಳ ತುದಿಗಳು ಸುಟ್ಟು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಈ ಯಂತ್ರ ನೂರಾರು ಗೂಡುಗಳ ತುದಿಯನ್ನು ಒಟ್ಟಿಗೆ ಹುಡುಕುತ್ತದೆ, ಎಳೆ ತುಂಡಾಗುವ ಮೊದಲೇ ತಿಳಿದು ನಿಧಾನವಾಗುತ್ತದೆ. ಅದನ್ನು ಕಟ್ಟಿದವರ ಕೈಗೆ ನಮಸ್ಕಾರ. ನನ್ನ ಜಗಳ ಅವರ ಜೊತೆಗಲ್ಲ.

ಇನ್ನು ಹೆಸರಿನ ವಿಷಯ. ಓಟದ ಒಪ್ಪಂದ ಒಂದು ತಲೆಮಾರಿಗೆ ಮುಗಿಯುವುದಿಲ್ಲ. ಸಹಿ ಹಾಕುವವರ ಕೆಳಗೆ ಇನ್ನೂ ಮೂರು ಗೆರೆಗಳಿರುತ್ತವೆ. ಮುಂದೆ ಹುಟ್ಟುವ ಮೂರು ತಲೆಯ ಬಾಧ್ಯಸ್ಥರ ಹೆಸರನ್ನು ಅಲ್ಲಿ ಈಗಲೇ ಬರೆಯಬೇಕು. ಅದಕ್ಕೆ ಮುಂಗಡ ಹೆಸರು ಎನ್ನುತ್ತಾರೆ. ಆ ಹೆಸರಿನ ಮನುಷ್ಯ ಹುಟ್ಟದಿದ್ದರೆ ಬಾಧ್ಯಸ್ಥರಿಲ್ಲವೆಂದು ಯಂತ್ರ ನಿಲ್ಲಿಸುತ್ತಾರೆ. ನನ್ನ ಮುತ್ತಾತ ಗಂಗುಲಪ್ಪ ಬೀಡಿ ಸೇದುತ್ತಾ ಮೂರು ಗೆರೆಗಳಲ್ಲಿ ಮೂರು ಗಂಡು ಹೆಸರು ಬರೆದು ಎದ್ದನಂತೆ. ಮೂರನೆಯದು ಮುನಿಶಾಮಿ. ಅವನ ಮೊಮ್ಮಗನಿಗೆ ನಾನೊಬ್ಬಳೇ ಹುಟ್ಟಿದೆ, ಹೆಣ್ಣಾಗಿ. ನನ್ನಮ್ಮ ನನಗೊಂದು ಹೆಸರನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ಏನದು ಎಂದು ದೊಡ್ಡವಳಾದ ಮೇಲೆ ಎಷ್ಟೋ ಸಲ ಕೇಳಿದೆ. "ಹೇಳಿದ್ರೆ ಕೂಗ್ಬೇಕು ಅನ್ನಿಸ್ತದೆ, ಬ್ಯಾಡ ಬುಡು" ಎಂದಳು. ಸಾಯುವವರೆಗೂ ಹೇಳಲಿಲ್ಲ. ನನ್ನ ಹೆಸರು ನನಗೇ ಗೊತ್ತಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ, ಆರುವುದೂ ಬೇಡ.

ಕಳೆದ ಆಯುಧಪೂಜೆಯ ದಿನ ಶುರುವಾದದ್ದು ಇದು. ಆ ದಿನ ಕತ್ತರಿಯಿಂದ ಲಾರಿಯವರೆಗೆ ದುಡಿಯುವ ಎಲ್ಲದಕ್ಕೂ ರಜೆ ಎಂಬುದು ನಿಮಗೆ ಗೊತ್ತಿರುತ್ತದೆ, ಅಷ್ಟನ್ನಾದರೂ ಮರೆತಿರಲಾರಿರಿ. ಒಡೆಯರು ದೂರದಿಂದ ನೋಡುವ ಕಣ್ಣು ನಮ್ಮ ಹಳೆಯ ಯಂತ್ರದಲ್ಲಿ ಮುಚ್ಚಳದೊಳಗೆ ಇತ್ತು. ಹಬ್ಬದ ದಿನ ರಿಪೇರಿ ಎಂದು ಹೇಳಿ ನಿಲ್ಲಿಸಿದರೆ ಯಾರೂ ಕೇಳುತ್ತಿರಲಿಲ್ಲ. ಹೊಸದಾಗಿ ಬಂದ ಯಂತ್ರದ ಕಣ್ಣು ಮೇಲೆ, ನಟ್ಟನಡುವೆ, ಥೇಟ್ ಹಣೆಯಿರುವ ಜಾಗದಲ್ಲಿ. ಅದು ಕಣ್ಣೆಂದು ನಮಗೇನು ಗೊತ್ತು? ಯಂತ್ರ ತೊಳೆದೆವು, ಸೇವಂತಿಗೆ ಹಾರ ಹಾಕಿದೆವು, ನಾನು ಬೆರಳ ತುಂಬ ಕುಂಕುಮ ಅದ್ದಿ ಸರಿಯಾಗಿ ಹಣೆಗೇ ಇಟ್ಟೆ. ಖೈರುನ್ನೀಸಾ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಳು. ಅವಳಿಗೆ ಪೂಜೆಯಿಲ್ಲ, ಆದರೆ ನಿಂಬೆಹಣ್ಣು ಪ್ರತಿವರ್ಷ ಅವಳದೇ. "ನಮ್ಗಾದ್ರೆ ಶುಕ್ರವಾರ ಐತೆ, ಇದ್ಕೆ ಇದೊಂದೇ ದಿನ ಅಲ್ವಾ ಅಕ್ಕ" ಎನ್ನುತ್ತಾಳೆ.

ಗೋಡೆಯಲ್ಲಿರುವ ಮಾತುಪೆಟ್ಟಿಗೆ ತಟ್ಟನೆ ಎಚ್ಚರವಾಯಿತು. ನಮ್ಮ ಯಂತ್ರವನ್ನು ಹುಜೌ ಎಂಬ ಊರಿನಲ್ಲಿ ಕೂತು ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಳು, ಶೆನ್ ಯುಲಾನ್ ಎಂದು. ಅವಳ ಚೀನೀ ಮಾತನ್ನು ಪೆಟ್ಟಿಗೆ ಕನ್ನಡ ಮಾಡುತ್ತದೆ, ಅದೂ ಶಾಸನದ ಕನ್ನಡ. "ನೇತ್ರವು ಕೆಂಪಾಗಿದೆ. ತಮ್ಮಲ್ಲಿ ಯಾರಾದರೂ ಗಾಯಗೊಂಡಿರುವಿರಾ?" ಎಂದಿತು. ಪಾಪ, ಅವಳಿಗೆ ಕಂಡದ್ದು ಬರೀ ಕೆಂಪು, ಯಾರದೋ ಕೈ ಸಿಕ್ಕಿಕೊಂಡಿತೆಂದು ಹೆದರಿದ್ದಳು. ಖೈರುನ್ನೀಸಾ ಪೆಟ್ಟಿಗೆಯ ಹತ್ತಿರ ಹೋಗಿ, "ಯಾರ್ಗೂ ಏನೂ ಆಗಿಲ್ಲ ಕಣಮ್ಮ. ಇವತ್ತು ಮಿಷನ್ನಿಗೆ ರಜಾ, ಕುಂಕುಮ ಇಟ್ಟಿದೀವಿ. ನಾಳೆ ಒರೆಸ್ತೀವಿ. ನೀನೂ ಎದ್ದು ಮನೆಗೋಗಿ ಮಲ್ಕೋ" ಎಂದಳು. ಆಮೇಲೆ ಪೆಟ್ಟಿಗೆ ಅದೇ ಗಂಭೀರ ದನಿಯಲ್ಲಿ "ನಗು" ಎಂದಿತು. ನಗುವನ್ನು ಕನ್ನಡ ಮಾಡುವುದು ಅದಕ್ಕೆ ಬರುವುದಿಲ್ಲ.

ಶೆನ್ ಆಮೇಲೆ ಸಾಕಷ್ಟು ಹೊತ್ತು ಮಾತಾಡಿದಳು. ಅವಳ ಅಜ್ಜಿಯ ಮನೆಯಲ್ಲೂ ರೇಷ್ಮೆಹುಳ ಸಾಕುತ್ತಿದ್ದರಂತೆ, ಆ ತಿಂಗಳಲ್ಲಿ ಬಾಗಿಲು ಹಾಕಿಕೊಂಡು ನೆಂಟರನ್ನೂ ಒಳಗೆ ಬಿಡುತ್ತಿರಲಿಲ್ಲವಂತೆ, ಜೋರಾಗಿ ಮಾತಾಡಿದರೆ ಹುಳಕ್ಕೆ ಬೇಜಾರಾಗುತ್ತದೆಂದು ಮಕ್ಕಳನ್ನು ಗದರುತ್ತಿದ್ದರಂತೆ. ಮೇಲಿನವರಿಗೆ ಕಳಿಸುವ ವರದಿಯಲ್ಲಿ ಯಂತ್ರ ಯಾಕೆ ನಿಂತಿತು ಎಂಬ ಕಡೆ ಅವಳು ಪ್ರಾಮಾಣಿಕವಾಗಿ ಹಬ್ಬ ಎಂದೇ ಬರೆದಳು. ಓಟದ ನಿಯಮದಲ್ಲಿ ಹಬ್ಬ ಎಂಬ ಕಾರಣವೇ ಇಲ್ಲ. ಮೇಲಿನವರು ಅದನ್ನು ಹೊಡೆದುಹಾಕಿ, ಕಣ್ಣಿಗೆ ಬಣ್ಣ ಬಳಿದು ಮೋಸ ಎಂದು ಮಾಡಿದರು. ಅವಳನ್ನು ಬೇರೆ ಶೆಡ್ಡಿಗೆ ಹಾಕಿದರಂತೆ. ಮತ್ತೆ ಅವಳ ದನಿ ಕೇಳಲಿಲ್ಲ, ನನಗೆ ಅದೊಂದು ಕೊರಗು.

ಕೆಲವು ದಿನಗಳಲ್ಲಿ ಅಂತರ ಕಚೇರಿಯಿಂದ ವಿಶ್ವಂಭರ ಬಂದ. ನಮ್ಮವನೇ, ಚಿಂತಾಮಣಿ ಕಡೆಯ ಹುಡುಗ, ಕೆಟ್ಟವನಲ್ಲ. ಅವನ ಕೈಯಲ್ಲಿ ಹೊಸ ಒಪ್ಪಂದ ಇತ್ತು. ಯಂತ್ರವನ್ನು ಇನ್ನೆಂದೂ ಯಾವ ಕಾರಣಕ್ಕೂ ನಿಲ್ಲಿಸುವುದಿಲ್ಲವೆಂದು ಹನ್ನೆರಡು ಮನೆಯವರೂ ಸಹಿ ಹಾಕಬೇಕು, ಕೆಳಗೆ ಪ್ರತಿಯೊಂದು ಮನೆಯೂ ಮೂರು ಮುಂಗಡ ಹೆಸರು ಬರೆಯಬೇಕು. ಇಲ್ಲವಾದರೆ ಫೆಬ್ರವರಿ ಮೂವತ್ತರ ಸೂರ್ಯಾಸ್ತಕ್ಕೆ ಹುಜೌನಿಂದಲೇ ಯಂತ್ರ ನಿಲ್ಲಿಸುತ್ತಾರೆ. ಅವನು ನನ್ನನ್ನು ಕೂರಿಸಿಕೊಂಡು ವಿವರಿಸಿದ. ನಿಂತ ಗಂಟೆಗೂ ಓಟದ ಬಾಡಿಗೆ ಎಣಿಸುತ್ತಲೇ ಇರುತ್ತದೆ, ನೂಲು ಮಾತ್ರ ಬರುವುದಿಲ್ಲ. ಹಾಗಾಗಿ ನಮ್ಮ ಒಂದು ದಿನದ ಪೂಜೆ ಅಂತರವನ್ನು ಎರಡೂ ಕಡೆಯಿಂದ ಹಿಗ್ಗಿಸುತ್ತದಂತೆ.

"ಹಂಗಾದ್ರೆ ಮಿಷನ್ನೇ ಮಾರಿಬಿಡ್ಲಿ. ಹನ್ನೆರಡು ಮನೆಯವರೂ ಸೇರಿ ಕೊಂಡ್ಕೋತೀವಿ. ನಿಲ್ಲಿಸೋದು ಬಿಡೋದು ನಮ್ಮಿಷ್ಟ" ಎಂದೆ.

"ಮಾರಲ್ಲಮ್ಮ ಅವರು. ಕೊಂಡರೆ ಅಂತರ ಎಷ್ಟಾಗ್ತದೆ ಗೊತ್ತಾ? ನಮ್ಮ ಕಚೇರೀನೇ ಒಪ್ಪಲ್ಲ" ಎಂದ. ಆಮೇಲೆ ದನಿ ತಗ್ಗಿಸಿ, "ಯಾವುದಾದ್ರೂ ಮೂರು ಹೆಸರು ಬರೆದುಬಿಡಿ. ಅವರೆಲ್ಲ ಹುಟ್ಟೋದು ಇನ್ನು ಯಾವ ಕಾಲಕ್ಕೋ" ಎಂದ.

"ನಮ್ಮ ಮುತ್ತಾತಾನೂ ಹಂಗೇ ಅಂದ್ಕೊಂಡಿದ್ದ. ನಾನು ಹುಟ್ದೆ" ಎಂದೆ.

ಖೈರುನ್ನೀಸಾ ನನ್ನ ಪರ ನಿಂತಳೆಂದು ತಿಳಿಯಬೇಡಿ. ನಿಂತದ್ದು ಆಮೇಲೆ. ಮೊದಲು ಅವಳು, "ಬರೆದುಬುಡಕ್ಕ, ಹೊಟ್ಟೆ ಕೇಳ್ತದಾ? ಹೆಸರಲ್ಲೇನೈತೆ" ಎಂದು ನನಗೇ ಗದರಿದಳು. ಅವಳ ಮನೆಯಲ್ಲಿ ಉಣ್ಣುವ ಬಾಯಿ ಜಾಸ್ತಿ, ದುಡಿಯುವ ಕೈ ಎರಡು. ಅದನ್ನು ಕೇಳಿ ವಿಶ್ವಂಭರನಿಗೆ ಧೈರ್ಯ ಬಂದು ಕಾಗದವನ್ನು ಅವಳ ಕಡೆ ತಿರುಗಿಸಿದ. ಅವಳ ಮೊಮ್ಮಗಳು ತುಂಬು ಬಸುರಿ, ಅಲ್ಲೇ ಗೂಡು ಆರಿಸುತ್ತಾ ಕೂತಿದ್ದಳು. ಅವನು ಒಳ್ಳೆಯ ಮಾತಿನಲ್ಲೇ, "ಆ ಹೊಟ್ಟೇಲಿರೋದಕ್ಕೂ ಒಂದು ಹೆಸರು ಹಾಕಿಬಿಡಿ, ಮೊದಲನೇ ಗೆರೆ ಅದರದೇ" ಎಂದ. ಖೈರುನ್ನೀಸಾ ಮೊಮ್ಮಗಳ ಹೊಟ್ಟೆಯನ್ನೇ ನೋಡುತ್ತಾ ನಿಂತಳು. ಪೆನ್ನನ್ನು ಅವನ ಜೇಬಿಗೆ ತಾನೇ ಸಿಕ್ಕಿಸಿದಳು. "ಕೂಸಿನ ಕಿವೀಗೆ ಮೊದ್ಲು ಬೀಳ್ಬೇಕಾದ್ದು ಅಜಾನ್ ಕಣಪ್ಪ. ನಿನ್ನ ಒಪ್ಪಂದ ಅಲ್ಲ" ಎಂದು ಹೇಳಿ ಗೂಡಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ವಿಶ್ವಂಭರ ಕಾಗದ ಮಡಚಿ ತಲೆ ತಗ್ಗಿಸಿ ಹೊರಟ.

ಮೂರು ಮನೆಯವರು ಪಕ್ಕದ ಶೆಡ್ಡಿಗೆ ಹೋಗಿ ಅಲ್ಲಿ ಸಹಿ ಹಾಕಿದರು. ಅವರನ್ನು ಬೈಯುವುದಿಲ್ಲ, ಅವರ ಮಕ್ಕಳಿಗೂ ಹಸಿವಾಗುತ್ತದೆ. ಉಳಿದ ಒಂಬತ್ತು ಮನೆಯವರು ಉಳಿದಿದ್ದೇವೆ. ಯಂತ್ರವನ್ನು ಮಾರುವುದಾದರೆ ಕೊಳ್ಳುತ್ತೇವೆ, ಓಟ ಮಾತ್ರ ಬೇಡ ಎಂದು ಒಡೆಯರಿಗೂ ಅಂತರ ಕಚೇರಿಗೂ ಬರೆದು ಹಾಕಿದ್ದೇವೆ. ಉತ್ತರ ಬಂದಿಲ್ಲ. ಬಾರದಿದ್ದರೆ ಮತ್ತೆ ಬರೆಯುತ್ತೇವೆ.

ನಾನು ಇದನ್ನು ಬರೆಯುತ್ತಿರುವಾಗ ಹೊತ್ತು ಇಳಿಯುತ್ತಿದೆ. ಯಂತ್ರ ಇನ್ನೂ ಓಡುತ್ತಿದೆ, ಎಂದಿನ ಹಾಗೆ ಚೊಕ್ಕವಾಗಿ. ಉಗ್ರಾಣದಿಂದ ಹಳೆಯ ಕೈಚರಕಗಳನ್ನು ಹೊರಗೆ ತೆಗೆದು ಎಣ್ಣೆ ಹಾಕಿದ್ದೇವೆ. ನಾಳೆಯಿಂದ ಕುದಿಯುವ ನೀರಿಗೆ ನಾವೇ ಬೆರಳು ಹಾಕಬೇಕು. ನೂಲು ಈಗಿನ ಕಾಲುಭಾಗವೂ ಆಗಲಿಕ್ಕಿಲ್ಲ, ಬೆರಳು ಸುಡುತ್ತದೆ, ರಾತ್ರಿಯ ಊಟ ತೆಳುವಾಗುತ್ತದೆ. ನನಗೆ ಹೆದರಿಕೆ ಇದೆ, ಇಲ್ಲವೆಂದು ಯಾಕೆ ಹೇಳಲಿ. ಒಂದು ವಿಷಯಕ್ಕೆ ಮಾತ್ರ ನಗು ಬರುತ್ತದೆ. ಒಪ್ಪಂದವೇ ಮುರಿದು ಓಟ ನಿಂತ ಮೇಲೆ ಬಾಡಿಗೆಯೂ ಎಣಿಸುವುದಿಲ್ಲ, ನಾವು ಅಲ್ಲಿಂದ ಏನನ್ನೂ ತರಿಸಿಕೊಂಡ ಹಾಗಾಗುವುದಿಲ್ಲ. ಈಗಾಗಲೇ ತೆಗೆದಿಟ್ಟ ನೂಲು ಇನ್ನೂ ಅಲ್ಲಿಗೆ ಹೋಗುತ್ತಿರುತ್ತದೆ, ಹಾಗಾಗಿ ನಾಳೆ ಸಂಜೆ ಬಸ್ ನಿಲ್ದಾಣದ ಫಲಕದಲ್ಲಿ ದೇಶದ ಅಂತರ ನಮ್ಮಿಂದಾಗಿ ಒಂದು ಕೂದಲೆಳೆಯಷ್ಟು ಇಳಿಯುತ್ತದೆ. ಇದಕ್ಕಾದರೂ ಅಂತರ ಕಚೇರಿಯವರು ನಮಗೆ ಶಾಲು ಹೊದಿಸಬೇಕು.

ಅಂತರ ಇಳಿಯಲಿ, ಏರಲಿ. ಒಂದು ದೇಶ ಇನ್ನೊಂದರಿಂದ ಒಳ್ಳೆಯ ಸಾಮಾನು ತರಿಸಿಕೊಳ್ಳುವುದು ತಪ್ಪಲ್ಲ, ಹೆಚ್ಚು ತರಿಸಿಕೊಂಡರೆ ಹೆಚ್ಚು ದುಡಿಯೋಣ. ಆದರೆ ಲೆಕ್ಕ ಸರಿದೂಗಿಸಲು ಬದುಕಿರುವವರು ಸಾಲದೆ ಹುಟ್ಟದವರನ್ನೂ ತಕ್ಕಡಿಗೆ ಹಾಕುವ ವ್ಯಾಪಾರಕ್ಕೆ ನಾನು ಕೈ ಜೋಡಿಸುವುದಿಲ್ಲ. ಚೀನಾದವರು ಕೇಳಿದರೂ ಇಲ್ಲ, ನಮ್ಮವರು ಕೇಳಿದರೂ ಇಲ್ಲ.

ನಿಮ್ಮ ಹೆಸರೇನೆಂದು ನನಗೆ ತಿಳಿಯದು, ತಿಳಿಯದಂತೆ ನೋಡಿಕೊಂಡಿದ್ದೇನೆ. ನೀವು ಗಂಡೋ ಹೆಣ್ಣೋ, ಕಪ್ಪೋ ಬಿಳುಪೋ, ನನ್ನ ಹಾಗೆ ಜಗಳಗಂಟಿಯೋ, ಅದೆಲ್ಲ ನಿಮ್ಮನ್ನು ಎತ್ತಿಕೊಂಡವರು ನೋಡಲಿ, ನೋಡಿ ಬಾಯಿಗೆ ಬಂದದ್ದನ್ನು ಕರೆಯಲಿ. ಇಂಥ ಕಾಗದ ನಿಮ್ಮ ಮುಂದೆಯೂ ಬರುತ್ತದೆ. ಬೇರೆ ದೇಶದ್ದಿರಬಹುದು, ಬೇರೆ ಯಂತ್ರದ್ದಿರಬಹುದು, ತಂದವನು ನಿಮ್ಮೂರಿನ ಒಳ್ಳೆಯ ಹುಡುಗನೇ ಆಗಿರಬಹುದು. ಸಹಿ ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನನಗೂ ಗಂಗುಲಪ್ಪನಿಗೂ ವ್ಯತ್ಯಾಸವಿರುವುದಿಲ್ಲ. ನಿಮ್ಮ ಹಸಿವು ನಿಮಗೆ ಗೊತ್ತು. ನಿಮ್ಮದನ್ನು ನೀವು ಹಾಕಿಕೊಳ್ಳಿ. ಅದರ ಕೆಳಗಿನ ಗೆರೆಗಳನ್ನು ಖಾಲಿ ಬಿಡಿ.

ಈ ಕಾಗದಕ್ಕೂ ಸಹಿ ನನ್ನೊಬ್ಬಳದೇ.

ಮುನಿಶಾಮಿ