ಓಡದ ಮೋಟಾರ್

ಸೋಮವಾರ, ಬೆಳಿಗ್ಗೆ

ಮಗಳಿಗೆ,

ಆಶೀರ್ವಾದ. ಪ್ರತಿ ಸಲ ‘ಬಂಗಾರೀ’ ಎಂದು ಶುರು ಮಾಡುತ್ತಿದ್ದೆ. ಈ ಸಲ ಕೈ ಬರಲಿಲ್ಲ.

“ತನಿಖೆಯ ಅಧಿಕಾರಿ ಮನೆಗೆ ಬರುತ್ತಾರೆ, ಅವತ್ತು ನೀರಿನ ಮೋಟಾರ್ ನಾನೇ ಹಾಕಿದ್ದೆ ಅಂದುಬಿಡಮ್ಮಾ, ಅಷ್ಟು ಸಾಕು” ಎಂದು ಫೋನಿನಲ್ಲಿ ಅತ್ತುಬಿಟ್ಟೆಯಲ್ಲ. ನೀನು ಅತ್ತರೆ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತಿನದು ಮರೆತೆಯಾ? ಬಾವಿಗಳಿಂದ ಕಚ್ಚಾ ಎಣ್ಣೆ ಮೇಲೆ ಬರಲಿ ಅಂತ ನಿಮ್ಮ ಕಂಪನಿ ನೆಲದೊಳಕ್ಕೆ ತುಂಬುವ ಇಂಗಾಲದ ಡೈಆಕ್ಸೈಡ್ ಎಲ್ಲಿಗೆ ಹರಿದಿದೆ ಎಂದು ನೋಡಲು ನಮ್ಮ ಬೀದಿಗೆ ಬಂದಿದ್ದೆ. ಹಿಂದೆ ನೆಟ್ಟ ಜಾಗದಲ್ಲೇ ನೆಲದ ನಡುಕ ಹಿಡಿಯುವ ಮೊಳೆಯಂಥ ಯಂತ್ರಗಳನ್ನು ಮತ್ತೆ ನೆಟ್ಟೆ. ನೆಲ ನಡುಗಿಸಿ ಚಿತ್ರ ತೆಗೆಯುವುದು, ಹೊಸ ಚಿತ್ರದಿಂದ ಹಳೆಯದನ್ನು ಕಳೆಯುವುದು, ಉಳಿದ ಕಲೆಯೇ ನೀವು ತುಂಬಿದ ಗಾಳಿ ಹೋದ ದಾರಿ ಎಂದು ಊಟದ ತಟ್ಟೆಯಲ್ಲಿ ಬೆರಳಿಂದ ಗೀಚಿ ತೋರಿಸಿದವಳು ನೀನೇ. ಯಾರ ಮನೆಯಲ್ಲೂ ಮೋಟಾರ್ ಓಡಬಾರದು, ಅದರ ನಡುಕ ಸೇರಿ ಚಿತ್ರ ಕೆಡುತ್ತದೆ ಅಂದೆ. ಟ್ಯಾಂಕು ಖಾಲಿಯಾದರೂ ನಾನು ಸ್ವಿಚ್ಚು ಮುಟ್ಟಲಿಲ್ಲ. ಮುಖ ತೊಳೆಯದೆ ದೇವರ ಮುಂದೆ ಕೂತದ್ದು ಹುಟ್ಟಿದ ಮೇಲೆ ಅದೇ ಮೊದಲು. ಎದುರಿನ ಲಾರಿ ರಿಪೇರಿ ಶೆಡ್ಡಿನ ಮೆಕ್ಯಾನಿಕ್ಕೂ ಕೆಲಸ ನಿಲ್ಲಿಸಿ, “ಅಕ್ಕಾ, ನಿಮ್ಮ ಮಗಳು ಭೂಮಿತಾಯಿಗೇ ಸ್ಕ್ಯಾನಿಂಗ್ ಮಾಡ್ತಿದಾಳೆ, ಗಂಡೋ ಹೆಣ್ಣೋ ಕೇಳಿ ಹೇಳಿ” ಅಂತ ಇಡೀ ಬೀದಿಯನ್ನು ನಗಿಸಿದ.

ಕಲೆ ಕಂಡಿತ್ತು. ಅವನ ಶೆಡ್ಡಿನ ಹಿಂದೆ ಮುಚ್ಚಿರುವ ಹಳೆಯ ಎಣ್ಣೆ ಬಾವಿಯ ಬುಡದಲ್ಲೇ ಕಂಡಿತ್ತು. ಒಪ್ಪಿಕೊಂಡರೆ ತುಂಬುವ ಕೆಲಸ ನಿಲ್ಲುತ್ತದೆ ಎಂದು ನಿನ್ನ ಮೇಲಿನವರು ಗುರುಗುಟ್ಟಿದರು. ಅದು ಗಾಳಿಯಲ್ಲ, ಹತ್ತಿರದ ಮನೆಯ ಮೋಟಾರಿನ ಸದ್ದು ಎಂದು ನೀನು ಬರೆದುಕೊಟ್ಟೆ. ಹತ್ತಿರದ ಮನೆ ಅಂದರೆ ನಮ್ಮದು. ಬೇರೆಯವರ ಮನೆ ತೋರಿಸಿದರೆ ಜಗಳಕ್ಕೆ ಬಂದಾರು, ಅಮ್ಮನಾದರೆ ಬಾಯಿ ಬಿಡುವುದಿಲ್ಲ ಅಂತ ತಾನೇ ನಿನ್ನ ಲೆಕ್ಕ?

ಹೋದ ವಾರ ಲಾರಿಯ ಅಡಿಯ ಗುಂಡಿಗೆ ಇಳಿದ ಮೆಕ್ಯಾನಿಕ್ ಮೇಲೆ ಹತ್ತಲಿಲ್ಲ, ಉಸಿರುಗಟ್ಟಿ ಅಲ್ಲೇ ಸತ್ತ. ಹಳೆಯ ಬಾವಿಯಿಂದ ಸೋರಿದ ಆ ಗಾಳಿ ಭಾರವಂತೆ, ಕಣ್ಣಿಗೆ ಕಾಣದೆ ತಗ್ಗಿನಲ್ಲಿ ನಿಲ್ಲುತ್ತದಂತೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಅನ್ನುತ್ತಾರಲ್ಲ, ಆ ಮಾತು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಹೊಂದುತ್ತದೆ ಅಂದುಕೊಂಡಿರಲಿಲ್ಲ.

ನಾನು ಸುಳ್ಳು ಹೇಳುವುದಿಲ್ಲ. ಕೆಲಸ ಹೋದರೆ ಹೋಗಲಿ. ಜೈಲೇ ಆದರೂ ಬುತ್ತಿ ನಾನು ತರುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ನೀನೇ ಹೋಗಿ ಹೇಳು.

ಹೆತ್ತ ತಪ್ಪಿಗೆ ಇನ್ನೂ ನಿನ್ನವಳೇ ಆಗಿರುವ,
ಅಮ್ಮ

ತಾ.ಕ.: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಅಧಿಕಾರಿ ಬಂದರು. ಮೆಕ್ಯಾನಿಕ್ಕನ ಹೆಂಡತಿಯನ್ನೂ ಕರೆಸಿ ನನ್ನ ಪಕ್ಕದಲ್ಲೇ ಕೂರಿಸಿದರು. ದೇವರಾಣೆ, ಬಾಯಿ ತೆರೆಯುವಾಗ ನಿಜ ಹೇಳುವ ಮನಸ್ಸೇ ಇತ್ತು. ಆದರೆ, “ಹೌದು, ಮೋಟಾರ್ ನಾನೇ ಹಾಕಿದ್ದೆ” ಅಂದೆ. ಆ ಸದ್ದಿನಿಂದಲೇ ಸೋರಿಕೆ ಗೊತ್ತಾಗಲಿಲ್ಲ ಎಂದು ಅಧಿಕಾರಿ ಬರೆದುಕೊಂಡರು, ನಿನ್ನ ಕೆಲಸ ಉಳಿಯಿತು. ಪಕ್ಕದಲ್ಲಿದ್ದ ಆಕೆ ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡು, “ನೀರಿಲ್ಲದೆ ಎಷ್ಟೊತ್ತು ಅಂತ ಇರೋಕಾಗುತ್ತೆ ಬಿಡಿ ಅಕ್ಕಾ. ಹೀಗಾಗುತ್ತೆ ಅಂತ ನಿಮಗೇನು ಗೊತ್ತಿತ್ತು” ಅಂದಳು.